ಮುಚ್ಚಳದ ಮೇಲಿನ ಹೆಸರು

ಹಾಸ್ಟೆಲ್, ಕೊಠಡಿ ೧೪
ಗುರುವಾರ, ತಾ. ೧೬, ಬೆಳಿಗ್ಗೆ

ಪ್ರೀತಿಯ ಅಕ್ಕಾ,

ಮೊದಲು ಕ್ಷಮಿಸಿಬಿಡು. ಫೋನ್ ಇರುವಾಗ ಇವಳಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಅಂತ ನೀನು ಖಂಡಿತ ಅಂದುಕೊಳ್ಳುತ್ತೀಯ. ಹೋದ ವಾರದಿಂದ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ನೀನು "ಏನೇ ಗಡಿಬಿಡಿ, ಮತ್ತೆ ಯಾವ ಟೆಸ್ಟಲ್ಲಿ ಡುಮ್ಕಿ ಹೊಡೆದೆ?" ಅಂದೆ, ನಾನು ನಕ್ಕೆ, ಅಲ್ಲಿಗೆ ಮುಗಿಯಿತು. ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಕನ್ನಡ ಆರನೇ ಕ್ಲಾಸಿನಿಂದ ಹಾಸ್ಟೆಲಿನಲ್ಲೇ ಬೆಳೆದದ್ದು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ.

ಹೇಗಿದ್ದೀಯ? ಊಟ ಹೊತ್ತಿಗೆ ಸರಿಯಾಗಿ ಆಗುತ್ತಿದೆಯಾ? ಬಸ್ ಓಡಿಸುವವರಿಗೆಲ್ಲ ಬೆನ್ನು ಹೋಗುತ್ತದಂತೆ, ಸೀಟಿಗೆ ದಿಂಬು ಹಾಕಿಕೊಂಡಿದ್ದೀಯಾ? ಆ ಹೊಸ ಬೂಟು ಹೇಗಿದೆ? "ಬೂಟು ಕಚ್ತಿದೆ ಕಣೇ, ಸಂಜೆ ಹೊತ್ತಿಗೆ ಬೆರಳೆಲ್ಲ ಜುಮ್ ಅಂತಾವೆ" ಅಂತ ಹೋದ ತಿಂಗಳು ಅಂದಿದ್ದೆ. ಈಗ ಸಡಿಲ ಆಗಿದೆಯಾ? ಇದೊಂದಕ್ಕೆ ಮಾತ್ರ ತಮಾಷೆ ಮಾಡದೆ ಉತ್ತರ ಕೊಡು. ನಾನು ಚೆನ್ನಾಗಿದ್ದೇನೆ. ಅಂದರೆ ಜ್ವರ ಗಿರ ಏನೂ ಇಲ್ಲ, ನಿದ್ದೆ ಇಲ್ಲ ಅಷ್ಟೆ. ಅಮ್ಮನಿಗೆ ಇದ್ಯಾವುದನ್ನೂ ಹೇಳಿಲ್ಲ, ನೀನೂ ಈಗಲೇ ಹೇಳಬೇಡ.

ಹೋದ ವಾರ ಸೋಮವಾರ ನಮಗೆ ಮೊದಲ ಡಿಎನ್‌ಎ ಪ್ರಾಕ್ಟಿಕಲ್ ಇತ್ತು. ಬಾಳೆಹಣ್ಣನ್ನು ಕಿವುಚಿ, ಉಪ್ಪು, ಸೋಪಿನ ನೀರು ಹಾಕಿ, ಸೋಸಿ, ಮೇಲಿಂದ ತಣ್ಣನೆಯ ಸ್ಪಿರಿಟ್ ಬಿಟ್ಟರೆ ಬಿಳಿ ನೂಲಿನ ಹಾಗೆ ಏನೋ ತೇಲಿ ಬರುತ್ತದೆ. ಅದೇ ಡಿಎನ್‌ಎ. ನಮ್ಮನ್ನು ಆಡಿಸುವುದು ಇದೇನಾ, ಮೂಗಿನ ಸಿಂಬಳದ ಹಾಗಿದೆಯಲ್ಲ ಅನ್ನಿಸಿತು. ಈರುಳ್ಳಿಯಿಂದಲೂ ಒಂದು ಟ್ಯೂಬ್ ತೆಗೆದೆ. ಎರಡನ್ನೂ ಮುಚ್ಚಿ, ಮುಚ್ಚಳಗಳ ಮೇಲೆ ಮುದ್ದಾಗಿ ಹೆಸರು ಬರೆದಿಟ್ಟೆ. ಲ್ಯಾಬ್ ಮೇಡಂ ಬಂದರು. ಮಾತಿಲ್ಲ ಕತೆಯಿಲ್ಲ, ಎರಡೂ ಟ್ಯೂಬು ಎತ್ತಿಕೊಂಡು ಬೆನ್ನ ಹಿಂದೆ ಏನೋ ಮಾಡಿ ವಾಪಸ್ ಇಟ್ಟು, "ಈಗ ಹೇಳಮ್ಮ, ಯಾವ್ದು ಬಾಳೆಹಣ್ಣು, ಯಾವ್ದು ಈರುಳ್ಳಿ? ಮುಚ್ಚಳ ಎಲ್ಲಿಗೆ ಬೇಕಾದ್ರೂ ಹೋಗುತ್ತೆ. ಹೆಸರು ಟ್ಯೂಬಿನ ಮೈ ಮೇಲೆ ಬರೀಬೇಕು" ಅಂದರು. ಇಡೀ ಕ್ಲಾಸು ನಕ್ಕಿತು, ನಾನೂ ನಕ್ಕೆ. "ಹಾಸ್ಟೆಲ್ ಬುದ್ಧಿ ಮೇಡಂ, ಇವಳ ಎಣ್ಣೆ ಬಾಟ್ಲಿ ನೋಡ್ಬೇಕು ನೀವು" ಅಂತ ಪಕ್ಕದವಳು ಬೇರೆ ಸೇರಿಸಿದಳು. ನಿಜ ಅಲ್ಲವಾ, ಕಪಾಟಿನಲ್ಲಿ ಒತ್ತೊತ್ತಾಗಿ ಇಟ್ಟ ಡಬ್ಬಿಗಳಲ್ಲಿ ಕಾಣುವುದು ಮುಚ್ಚಳ ಒಂದೇ. ಏಳು ವರ್ಷದಿಂದ ನಾನು ನನ್ನ ಹೆಸರನ್ನು ಇನ್ನೆಲ್ಲಿಯೂ ಬರೆದಿಲ್ಲ. ನಗು ಮುಗಿಯುವಷ್ಟರಲ್ಲಿ ನಮ್ಮ ಎಂಜಲಿನ ಟ್ಯೂಬು ನೆನಪಾಗಿತ್ತು ಅಕ್ಕಾ.

ಆಸ್ಪತ್ರೆಯವರು ರಜೆಯಲ್ಲಿ ಮನೆಗೇ ಕಳಿಸಿದ್ದರಲ್ಲ, ಆ ಎರಡು ಟ್ಯೂಬು. ಅಪ್ಪನ ಕಾಯಿಲೆ ನಮ್ಮಿಬ್ಬರಲ್ಲಿ ಯಾರಿಗೆ ಬಂದಿದೆ ಅಂತ ನೋಡುವುದಕ್ಕೆ. ಅಪ್ಪ ಒಂದು ಸಂಜೆ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಮನೆಗೆ ಬಂದದ್ದು ನನಗೆ ಚೆನ್ನಾಗಿ ನೆನಪಿದೆ. ಇನ್ನೊಂದು ದಾರಿಯಲ್ಲಿ ಬಿದ್ದುಹೋಗಿತ್ತು, ಅವರಿಗೆ ಗೊತ್ತೇ ಆಗಿರಲಿಲ್ಲ. ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು, ಅವರೂ ನಕ್ಕರು. ಕಾಲಿನ ನರ ಸತ್ತಿದೆ, ಮುಂದೆ ಹೃದಯಕ್ಕೂ ಹೋಗುತ್ತದೆ ಅಂತ ತಿಳಿಯುವಷ್ಟರಲ್ಲಿ ಎರಡು ವರ್ಷ ಕಳೆದಿತ್ತು. ಅವರಿಗೂ ಶುರುವಾದದ್ದು ಬೆರಳು ಜುಮ್ ಅನ್ನುವುದರಿಂದಲೇ.

ಟ್ಯೂಬಿನ ಜೊತೆ ಬಂದ ಹಾಳೆಯಲ್ಲಿ ಹೆಸರಿನ ಚೀಟಿಯನ್ನು ಎಲ್ಲಿ ಅಂಟಿಸಬೇಕು ಅಂತ ಚಿತ್ರವೇ ಇತ್ತು. ನಾನು ಓದಲಿಲ್ಲ. ಬಯಾಲಜಿಗೆ ಸೇರಿದವಳು ನೋಡು, ಎಲ್ಲ ಗೊತ್ತು! ನೀನು "ಉಗುಳೋಕೂ ಕಾಲೇಜ್ ಓದ್ಬೇಕೇನೇ?" ಅಂತ ಕಿಚಾಯಿಸುತ್ತಿದ್ದೆ. ಚೀಟಿಗಳನ್ನು ಮುಚ್ಚಳಕ್ಕೆ ಅಂಟಿಸಿದೆ. ಇಬ್ಬರೂ ಉಗುಳಿದೆವು. ಎಂಜಲು ಕೆಡದಿರಲಿ ಅಂತ ಜೊತೆಗೆ ಕೊಟ್ಟಿದ್ದ ಆ ನೀಲಿ ದ್ರವ ಹಾಕುವುದು ಮರೆತಿದ್ದೆ ಅಂತ ಎರಡೂ ಮುಚ್ಚಳ ಮತ್ತೆ ತೆಗೆದೆ. ನೀನು ನಗುತ್ತಾ ಏಳುವಾಗ ಮೇಜಿಗೆ ಮಂಡಿ ತಗುಲಿಸಿದೆ, ಮುಚ್ಚಳಗಳು ಕೆಳಗೆ ಉರುಳಿದವು. ನಾನು ಬಗ್ಗಿ ಎತ್ತಿ, ಒರೆಸಿ, ಹಾಕಿದೆ. ಎಡಗಡೆಯದು ನಿನ್ನದು ಅಂತ ಲೆಕ್ಕ. ಆದರೆ ಎದ್ದು ನಿಂತದ್ದು ಮೇಜಿನ ಯಾವ ಕಡೆಯಿಂದ ಅಂತ ಹತ್ತು ದಿನದಿಂದ ನೆನಪು ಮಾಡಿಕೊಳ್ಳುತ್ತಿದ್ದೇನೆ, ಆಗುತ್ತಿಲ್ಲ. ನಮ್ಮಲ್ಲೊಬ್ಬರು ಗಂಡಾಗಿದ್ದರೆ ಆಸ್ಪತ್ರೆಯವರಿಗೇ ತಪ್ಪು ಗೊತ್ತಾಗಿಬಿಡುತ್ತಿತ್ತು. ಇಬ್ಬರೂ ಹುಡುಗಿಯರು, ಯಾರಿಗೂ ಅನುಮಾನ ಬರಲಿಲ್ಲ.

ಆಮೇಲೆ ರಿಪೋರ್ಟ್ ಬಂತು. ನನಗಿದೆ, ನಿನಗಿಲ್ಲ. ನೀನು ನನ್ನನ್ನು ಅಪ್ಪಿಕೊಂಡು ನನಗಿಂತ ಜಾಸ್ತಿ ಅತ್ತೆ. ಮುಂದಿನ ವಾರವೇ ಡಿಪೋಗೆ ಹೋಗಿ, ಅಷ್ಟು ದಿನ ಬೇಡ ಬೇಡ ಅಂತ ಮುಂದೂಡಿದ್ದ ಡ್ರೈವರ್ ಕೆಲಸಕ್ಕೆ ಸೇರಿದೆ. "ನನ್ನ ಕಾಲಿಗೆ ಗ್ಯಾರಂಟಿ ಸಿಕ್ತಲ್ಲ" ಅಂದೆ. ನನಗೆ ಈ ತಿಂಗಳ ೨೪ಕ್ಕೆ ಹೊಸ ಔಷಧಿಯ ಮೊದಲ ಇಂಜೆಕ್ಷನ್. ಅದು ಏನು ಅಂತ ನೀನು ಕೇಳಿದಾಗ ನಾನು ಇಂಗ್ಲಿಷಿನಲ್ಲಿ ಏನೇನೋ ಒದರಿದ್ದೆ. ಈಗ ಸರಿಯಾಗಿ ಹೇಳುತ್ತೇನೆ. ಜೀನಿನಲ್ಲಿ ಒಂದೇ ಒಂದು ಅಕ್ಷರ ತಪ್ಪಿದೆ. ಅದರಿಂದ ತಪ್ಪು ಚೀಟಿ ಬರೆದುಕೊಂಡು ಲಿವರ್ ಒಂದು ಪ್ರೋಟೀನನ್ನು ಸೊಟ್ಟಗೆ ಮಾಡುತ್ತದೆ, ಅದು ಹೋಗಿ ನರಕ್ಕೆ ಮೆತ್ತಿಕೊಳ್ಳುತ್ತದೆ. ಈ ಔಷಧಿ ಆ ಚೀಟಿಯನ್ನು ದಾರಿಯಲ್ಲೇ ಹರಿದುಹಾಕುತ್ತದೆ. ಸತ್ತ ನರ ಮತ್ತೆ ಪೂರ್ತಿ ಬದುಕುವುದಿಲ್ಲ, ಆದ್ದರಿಂದ ಬೇಗ ಶುರು ಮಾಡಿದಷ್ಟೂ ಒಳ್ಳೆಯದು. ಅಪ್ಪನ ಕಾಲಕ್ಕೆ ಇದು ಇರಲಿಲ್ಲ.

ಪ್ರಾಕ್ಟಿಕಲ್ ಆದ ಮರುದಿನವೇ ಆಸ್ಪತ್ರೆಗೆ ಓಡಿ ಡಾಕ್ಟರ ಮುಂದೆ ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಸುಮ್ಮನೆ ನನ್ನ ತೋಳಿನಿಂದ ರಕ್ತ ತೆಗೆಸಿ, ಟ್ಯೂಬಿನ ಮೈ ಮೇಲೆ ನನ್ನ ಕೈಯಲ್ಲೇ ಹೆಸರು ಬರೆಸಿದರು. ಮುಚ್ಚಳ ಅದಲುಬದಲಾಗಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಒಂದು ಮಾತು ಹೇಳುತ್ತೇನೆ, ಅಸಹ್ಯ ಪಡಬೇಡ. ಅದಲುಬದಲಾಗಿದ್ದರೆ ನಾನು ಪಾರು ಅನ್ನುವ ಯೋಚನೆ ಬಂದಾಗ ನನಗೆ ಖುಷಿ ಆಯಿತು. ಲ್ಯಾಬಿನಿಂದ ಮೆಟ್ಟಿಲು ಇಳಿಯುವಷ್ಟು ಹೊತ್ತು. ಕೊನೆಯ ಮೆಟ್ಟಿಲಲ್ಲಿ ನಿನ್ನ ಬೂಟು ನೆನಪಾಯಿತು, ಅಲ್ಲೇ ಕೂತುಬಿಟ್ಟೆ. ಅವತ್ತಿನಿಂದ ಬಸ್ಸಿನ ಬ್ರೇಕ್ ಸದ್ದು ಕೇಳಿದರೂ ಎದ್ದು ಕಿಟಕಿಗೆ ಓಡುತ್ತೇನೆ. ನಿನ್ನ ಹಿಂದೆ ಐವತ್ತು ಜನ ಕೂತಿರುತ್ತಾರೆ, ನಿನ್ನ ಪಾದದ ಕೆಳಗೆ ಬ್ರೇಕ್ ಇರುತ್ತದೆ.

ಈ ಕಾಗದವನ್ನು ನಿಮ್ಮ ಡಿಪೋದ ಕಂಡಕ್ಟರ್ ಕೈಗೇ ಕೊಡುತ್ತೇನೆ, ನಿನ್ನನ್ನು "ಡ್ರೈವರಮ್ಮ" ಅನ್ನುವ ಆ ದಪ್ಪ ಮೀಸೆಯವರು. ನಿನ್ನ ರೂಮಿನವಳಿಗೆ ನನ್ನ ನೆನಪು ಹೇಳು. ಆರೋಗ್ಯ ನೋಡಿಕೋ. ಬೈಯಬೇಕು ಅನ್ನಿಸಿದರೆ ಬೈದುಬಿಡು, ಮಾತು ಮಾತ್ರ ಬಿಡಬೇಡ.

ನಿನ್ನ,
ಗಡಿಬಿಡಿ

ತಾ.ಕ.: ಬಸ್ಸು ಹೊರಡುವುದರಲ್ಲಿದೆ, ಮೊಣಕಾಲ ಮೇಲಿಟ್ಟು ಬರೆಯುತ್ತಿದ್ದೇನೆ. ಮೇಲೆ ಗೊತ್ತಿಲ್ಲ ಅಂತ ಬರೆದದ್ದು ಸುಳ್ಳು. ರಕ್ತದ ರಿಪೋರ್ಟ್ ನಿನ್ನೆಯೇ ಬಂತು. ನನ್ನಲ್ಲಿ ಇಲ್ಲ. ಎರಡು ಟ್ಯೂಬುಗಳಲ್ಲಿ ಒಂದರಲ್ಲಿ ಇತ್ತು ಅಕ್ಕಾ, ಅದು ನನ್ನದಲ್ಲ. ಇವತ್ತು ಸ್ಟೀರಿಂಗ್ ಮುಟ್ಟಬೇಡ, ರಜೆ ಹಾಕು. ನಾಳೆ ಮೊದಲ ಬಸ್ಸಿಗೆ ಬಂದು ರಕ್ತ ಕೊಡು. ನಿನ್ನ ರಕ್ತದಲ್ಲಿ ಇದೆ ಅಂತ ಬಂದರೆ ೨೪ರ ಜಾಗ ನಿನಗೆ ಕೊಡಿಸಲು ನೋಡುತ್ತೇನೆ ಅಂತ ಡಾಕ್ಟರ್ ಹೇಳಿದ್ದಾರೆ. ನಾನು ಬಸ್ ಸ್ಟ್ಯಾಂಡಿನಲ್ಲೇ ನಿಂತಿರುತ್ತೇನೆ. ಮೀಸೆಯವರು ಸಂಜೆ ವಾಪಸ್ ಬರುತ್ತಾರೆ. ಅವರ ಕೈಯಲ್ಲಿ ಒಂದು ಸಾಲಾದರೂ ಉತ್ತರ ಕಳಿಸು, ಬೇಗ.