ಜಗಳಕ್ಕೆ ಯಾರೂ ಸಿಗುತ್ತಿಲ್ಲ

ಭಾನುವಾರ, ಮಾರ್ಚ್ ೧೬
ಮಧ್ಯಾಹ್ನ

ಮೇಷ್ಟ್ರೇ,

ನನ್ನ ಅಕ್ಷರ ನೋಡಿ ಗಾಬರಿಯಾಗಬೇಡಿ. ಯಾರಿಗೂ ಏನೂ ಆಗಿಲ್ಲ, ನಾನು ಚೆನ್ನಾಗಿಯೇ ಇದ್ದೇನೆ. ನಿಮ್ಮ ಹುಟ್ಟಿದ ದಿನಕ್ಕೆ ಎರಡು ಪದದ ಸಂದೇಶ ಕಳಿಸಿ ಕೈತೊಳೆದುಕೊಂಡವಳು ಈಗ ಕಾಗದ ಪೆನ್ನು ಹಿಡಿದು ಕೂತಿದ್ದಾಳೆಂದರೆ ನಿಮಗೆ ಅನುಮಾನ ಬರುವುದು ಸಹಜ. ತರಗತಿಯಲ್ಲಿ ಕೊನೆಯ ಬೆಂಚಿನ ಹುಡುಗ ತಾನಾಗಿ ಕೈಯೆತ್ತಿದರೆ ನೀವು ಕನ್ನಡಕ ಕೆಳಗಿಳಿಸಿ ನೋಡುತ್ತೀರಲ್ಲ, ಹಾಗೆ ನೋಡುತ್ತಿರಬೇಕು.

ಇಲ್ಲಿಗೆ ಬಂದಾಗ ಆರು ತಿಂಗಳ ಮಾತಾಗಿತ್ತು. ಈಗ ಎರಡು ವರ್ಷವಾಗುತ್ತ ಬಂತು. ಹೋಗಬೇಡ ಎಂದು ನೀವು ಹೇಳಲಿಲ್ಲ, ಬನ್ನಿ ಎಂದು ನಾನು ಕರೆಯಲಿಲ್ಲ. ಜನ ಕೇಳಿದರೆ ಹೇಳಲು ಒಂದು ಕಾರಣವಾದರೂ ಇರಬೇಕಿತ್ತು ಅಂತ ಎಷ್ಟೋ ಸಲ ಅನ್ನಿಸಿದೆ. ನನ್ನ ಮನೆ ಎಂದರೆ ಮೂರನೆಯ ಮಹಡಿಯ ಒಂದು ಕೋಣೆ, ಅದಕ್ಕಂಟಿದ ಅಡುಗೆಕಟ್ಟೆ, ಎದುರಿನ ಕಟ್ಟಡದ ಗೋಡೆಯನ್ನೂ ಅದರ ಮೇಲೆ ಹಾದುಹೋದ ನೀರಿನ ಕೊಳವೆಯನ್ನೂ ತೋರಿಸುವ ಕಿಟಕಿ. ಮೇಲಿನ ಮನೆಯವರು ಕುರ್ಚಿ ಎಳೆದರೆ ಕೆಳಗಿನವರು ಬೈದುಕೊಳ್ಳುತ್ತಾರೆ. ನನಗೆ ಮಾತ್ರ ಆ ಸದ್ದು ಕೇಳಿದರೆ ಸಮಾಧಾನ. ಯಾರೋ ಇದ್ದಾರೆ, ಊಟಕ್ಕೆ ಕೂತಿದ್ದಾರೆ ಅಂತ.

ನನ್ನ ಕೆಲಸವೇನೆಂದು ನೀವು ಸರಿಯಾಗಿ ಕೇಳಲಿಲ್ಲ, ನಾನೂ ಸರಿಯಾಗಿ ಹೇಳಲಿಲ್ಲ. ಹದಿಹರೆಯ ದಾಟಿ ಆಗತಾನೆ ದುಡಿಮೆಗೆ ಬಿದ್ದ ಹುಡುಗ ಹುಡುಗಿಯರ ಮನಸ್ಸಿನ ಆರೋಗ್ಯದ ಬಗ್ಗೆ ನಮ್ಮ ಸಂಸ್ಥೆ ಕೆಲಸ ಮಾಡುತ್ತದೆ. ಟೈಲ್ಸ್ ಅಂಗಡಿಯ ಮೇಲೆ ನಾಲ್ಕು ಕೋಣೆ. ಎರಡು ಕೋಣೆಯವರು ಪೋಸ್ಟರು, ರೇಡಿಯೋ ಮಾತು, ಸಣ್ಣ ವೀಡಿಯೋ ಮಾಡುತ್ತಾರೆ. ನಾನು ಅವರಿಗೆ ಮಾತು ಬರೆದುಕೊಡುತ್ತೇನೆ, ಆಮೇಲೆ ಅದೇ ಮಾತನ್ನು ಹೊತ್ತುಕೊಂಡು ಕಂಪನಿ ಮಾಲೀಕರ ಬಾಗಿಲು ತಟ್ಟುತ್ತೇನೆ. ಜ್ವರ ಬಂದರೆ ರಜೆ ಕೊಡುತ್ತೀರಲ್ಲ, ಮನಸ್ಸು ಕುಸಿದಾಗಲೂ ಕೊಡಿ. ಕೆಲಸ ಮುಗಿದ ಮೇಲೆ ಫೋನ್ ಮಾಡಿ ಕಾಡಬೇಡಿ. ವಾರಕ್ಕೊಮ್ಮೆ ಒಬ್ಬ ಆಪ್ತಸಮಾಲೋಚಕರನ್ನು ಕರೆಸಿ. ಇಷ್ಟೇ ನನ್ನ ಬೇಡಿಕೆ. ಹೆಚ್ಚಿನವರು ಕಾಫಿ ಕುಡಿಸಿ ಕಳಿಸುತ್ತಾರೆ. ನಮ್ಮ ಮದುವೆಯಾದ ಹೊಸದರಲ್ಲಿ ನೀವು ನನ್ನನ್ನು ವಕೀಲಮ್ಮ ಅನ್ನುತ್ತಿದ್ದಿರಲ್ಲ, ಅದು ಈಗ ಹೊಟ್ಟೆಪಾಡಾಗಿದೆ.

ಚಳಿಗಾಲದಲ್ಲಿ ಒಂದು ದೊಡ್ಡ ಗೋದಾಮಿನ ಬಾಗಿಲು ತೆರೆಯಿತು. ಊರೂರಿಂದ ಬರುವ ಪಾರ್ಸೆಲ್ಲುಗಳನ್ನು ಬಿಡಿಸಿ, ಬೀದಿ ಬೀದಿಗೆ ವಿಂಗಡಿಸಿ ಕಳಿಸುವ ಕಂಪನಿ. ಪಾರ್ಸೆಲ್ ಹೊತ್ತು ಓಡುವ ಬೆಲ್ಟಿನ ಎರಡೂ ಕಡೆ ನಿಂತು ಕೆಲಸ ಮಾಡುವವರೆಲ್ಲ ಇಪ್ಪತ್ತು, ಇಪ್ಪತ್ತೈದರ ಒಳಗಿನವರು. ಕಂಪನಿಯ ಯಜಮಾನಿ ಅರವತ್ತು ದಾಟಿದ ಹೆಂಗಸು. ಒಂದೇ ಒಂದು ಹಳೆಯ ವ್ಯಾನಿನಿಂದ ಇದನ್ನೆಲ್ಲ ಕಟ್ಟಿದವಳು. ನನ್ನ ಮಾತು ಮುಗಿಯುವವರೆಗೂ ಕೇಳಿಸಿಕೊಂಡು ಹೇಳಿದಳು:

"ನಮ್ಮ ಕಾಲದಲ್ಲಿ ಮನಸ್ಸು ಅಂತ ಎಲ್ಲಿತ್ತಮ್ಮಾ? ಹೊಟ್ಟೆ ಅಂತ ಒಂದಿತ್ತು, ಅಷ್ಟೇ. ಆದ್ರೂ ಯಾಕೆ ಈ ಮಕ್ಕಳು ತಿಂಗಳಿಗೊಬ್ರು ಹೇಳದೆ ಕೇಳದೆ ಬಿಟ್ಟು ಹೋಗ್ತಾರೆ ಅಂತ ನನಗೂ ಗೊತ್ತಾಗ್ಬೇಕು. ಮಾಡು. ಆದ್ರೆ ಎಲ್ಲಿಂದಲೋ ತಂದ ಸಿನಿಮಾ ಮುಖ ಬೇಡ. ನಮ್ಮವರೇ ಒಬ್ರ ಮುಖ ಹಾಕು, ಆಗ ನಂಬ್ತಾರೆ."

ಆ ಮುಖ ಸಿಕ್ಕಿತು. ಬೆಲ್ಟಿನ ಪಕ್ಕ ನಿಂತು ಸ್ಕ್ಯಾನರ್ ಹಿಡಿಯುವ ಹುಡುಗಿ. ಎಲ್ಲರೂ ಅವಳನ್ನು ಪಟಾಕಿ ಅನ್ನುತ್ತಾರೆ, ಏಕೆಂದರೆ ಒಂದು ಮಾತಂದರೆ ಅವಳಿಂದ ಹತ್ತು ಸಿಡಿಯುತ್ತವೆ. ಹೋದ ವರ್ಷ ಅದೇ ಪಟಾಕಿ ಕೆಲವು ತಿಂಗಳು ಹಾಸಿಗೆ ಬಿಟ್ಟೇಳಲಾಗದೆ ಮಲಗಿದ್ದಳು. ಸ್ನಾನ ಬೇಡ, ಊಟ ಬೇಡ, ಬೆಳಕು ಬೇಡ. ಅವಳ ಚಿಕ್ಕಮ್ಮ ಹಟ ಹಿಡಿದು ವೈದ್ಯರ ಹತ್ತಿರ ಕರೆದುಕೊಂಡು ಹೋದಳು, ಇವಳು ನಿಧಾನಕ್ಕೆ ಎದ್ದು ನಿಂತಳು. ಇದನ್ನು ನನಗೆ ಹೇಳುವಾಗಲೂ ನಗಿಸುತ್ತಲೇ ಇದ್ದಳು. "ಅಕ್ಕಾ, ಆ ಹಾಸಿಗೇಲಿ ನನ್ನ ಆಕಾರದ್ದೇ ಒಂದು ಗುಂಡಿ ಬಿದ್ದಿತ್ತು, ಈಗ್ಲೂ ಇದೆ, ಬೇರೆಯವರು ಮಲಗಿದ್ರೆ ಅಳತೆ ಸರಿಹೋಗೋದೇ ಇಲ್ಲ" ಎಂದಳು. ಪೋಸ್ಟರಿಗೆ ತಾನಾಗಿಯೇ ಒಪ್ಪಿದಳು. ನಗುವ ಮುಖ, ಕೆಳಗೆ ನಾನು ಬರೆದ ಸಾಲು: ನನಗೂ ಕಷ್ಟವಾಗಿತ್ತು. ಬಾಯಿಬಿಟ್ಟೆ. ಕೈ ಸಿಕ್ಕಿತು.

ಚೆನ್ನಾಗಿದೆ ಅಲ್ಲವೇ? ಎಲ್ಲರೂ ಹಾಗೆಯೇ ಅಂದರು. ಪೋಸ್ಟರ್ ಬಿಡುಗಡೆಯ ದೊಡ್ಡ ಸಮಾರಂಭಕ್ಕೆ ಮೊದಲು ನೋಡೋಣವೆಂದು ಗೋದಾಮಿನ ಊಟದ ಕೋಣೆಯಲ್ಲಿ, ಕೈತೊಳೆಯುವ ತೊಟ್ಟಿಯ ಮೇಲೆ, ಗೇಟಿನ ಹತ್ತಿರ ಅಂಟಿಸಿದೆವು. ಸಮಾರಂಭಕ್ಕೆ ಊರಿನ ವ್ಯಾಪಾರಿ ಸಂಘದವರೆಲ್ಲ ಬರುವವರಿದ್ದರು. ನಮ್ಮ ನಿರ್ದೇಶಕರು, ಒಳ್ಳೆಯ ಮನುಷ್ಯರು, ಈ ಒಂದು ಪೋಸ್ಟರಿನಿಂದ ಎಷ್ಟು ಕಂಪನಿ ಒಪ್ಪಬಹುದು ಎಂದು ಬೋರ್ಡಿನ ಮೇಲೆ ಬರೆದು ಬರೆದು ಅಳಿಸುತ್ತಿದ್ದರು.

ಆ ಸಮಾರಂಭದ ವಾರವೇ ಪಟಾಕಿ ನಮ್ಮ ಕಚೇರಿಗೆ ಬಂದಳು. ಕೂರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಅಕ್ಕಾ, ಅದನ್ನ ತೆಗೆಸಿಬಿಡಿ."

ಯಾರಾದರೂ ಅಣಕಿಸಿದರಾ ಎಂದು ಕೇಳಿದೆ. ನಮ್ಮ ಕೈಪಿಡಿಯಲ್ಲಿ ಅಣಕಿಸುವವರಿಗೆ ಏನು ಹೇಳಬೇಕೆಂದು ಇದೆ.

"ಅಯ್ಯೋ, ಅಣಕಿಸಿದ್ರೆ ನಾನು ನೋಡ್ಕೊಳ್ತಿದ್ದೆ! ಎಲ್ರೂ ಒಳ್ಳೆಯವರಾಗಿಬಿಟ್ಟಿದಾರೆ. ನಾನು ಬಂದ್ರೆ ದನಿ ಇಳಿಸ್ತಾರೆ. ಮೇಲ್ವಿಚಾರಕಣ್ಣ ನನ್ನನ್ನ ಬೆಲ್ಟಿಂದ ತೆಗೆದು ಒಂದು ಮೂಲೇಲಿ ಚೀಟಿ ಅಂಟಿಸೋಕೆ ಕೂರಿಸಿದಾನೆ, ಆರಾಮಾಗಿರ್ಲಿ ಅಂತ. ಮೊನ್ನೆ ಬೇಕಂತ್ಲೇ ಒಬ್ಬಳ ಟ್ರಾಲಿ ಎಳ್ಕೊಂಡೆ. 'ಇರ್ಲಿ, ನೀನೇ ಇಟ್ಕೋ' ಅಂದ್ಲು. ನನ್ನ ಜೊತೆ ಯಾರೂ ಜಗಳ ಆಡ್ತಾ ಇಲ್ಲ ಅಕ್ಕಾ." ಅಷ್ಟು ಹೇಳಿ ಚೌಕಟ್ಟಿನಿಂದ ಕೈ ತೆಗೆದಳು. "ಹೋದ ವರ್ಷ ನಾನು ಕೋಣೆಯೊಳಗಿದ್ದೆ. ಈಗ ಹೊರಗೇ ಕೋಣೆ ಕಟ್ಟಿದಾರೆ."

ಮೇಷ್ಟ್ರೇ, ಕೈಪಿಡಿ ತಿರುವಿದೆ, ಇದಕ್ಕೆ ಒಂದು ಸಾಲೂ ಇರಲಿಲ್ಲ. ಮಾತು ಬರೆದೇ ಬದುಕುವವಳು ನಾನು.

ನಿರ್ದೇಶಕರಿಗೆ ಹೇಳಿದೆ. ಅವರು ಕಣ್ಣುಜ್ಜಿಕೊಂಡು ತುಂಬ ಮೆತ್ತಗೆ ಉತ್ತರಿಸಿದರು. ಅವಳು ಒಪ್ಪಿಗೆ ಕೊಟ್ಟಾಗಿದೆ, ಶುಕ್ರವಾರದ ಸಮಾರಂಭ ಕಳೆಯಲಿ, ಆಮೇಲೆ ಬೇರೆ ಮುಖ ಹುಡುಕೋಣ. ಒಬ್ಬಳಿಗೆ ನಾಲ್ಕು ದಿನ ಇರಿಸುಮುರಿಸಾಗುತ್ತದೆಂದು ಸಾವಿರಾರು ಮಕ್ಕಳ ಕೆಲಸ ಕೆಡಿಸುವುದಾ ಎಂದರು. ಹಗ್ಗವೂ ಹರಿಯಬಾರದು, ಕೋಲೂ ಮುರಿಯಬಾರದು ಎನ್ನುವ ಮಾತು. ತಪ್ಪೆಂದು ಹೇಳಲೂ ಆಗಲಿಲ್ಲ. ಆ ಸಾವಿರಾರು ಮಕ್ಕಳೂ ಇದ್ದಾರೆ, ಅವರ ಕಷ್ಟವೂ ನಿಜವೇ. ನಾನು ಸರಿ ಎಂದು ಹೊರಬಂದೆ. ಬಸ್ಸಿಗೆ ಕಾಯುತ್ತ ನಿಂತವಳು ಮನೆಯ ಬಸ್ಸು ಬಿಟ್ಟು ಗೋದಾಮಿನ ಬಸ್ಸು ಹತ್ತಿದೆ.

ಮೊದಲು ಗೇಟಿನದು ಕಿತ್ತೆ. ಆಮೇಲೆ ತೊಟ್ಟಿಯ ಮೇಲಿನದು. ಊಟದ ಕೋಣೆಯದ್ದಕ್ಕೆ ಯಾರೋ ಗಟ್ಟಿ ಅಂಟು ಹಾಕಿದ್ದರು. ಉಗುರಿನಿಂದ ಕೆರೆಯುತ್ತಿರುವಾಗ ಹಿಂದಿನಿಂದ ಯಜಮಾನಿಯ ದನಿ ಕೇಳಿತು.

"ಮುಖ ಬೇಕು ಅಂದಿದ್ದೆ ನಾನು."

"ಮುಖ ಕೊಟ್ಟವಳನ್ನ ಮೂಲೇಲಿ ಕೂರಿಸಿದ್ದೀರಿ, ಹೋಗಿ ನೋಡಿ" ಎಂದೆ. ಹೇಗೆ ಅಂದೆನೋ!

ಅವಳು ನೋಡಲು ಹೋದಳು. ಹಿಂದೆಯೇ ನಾನೂ. ಪಟಾಕಿ ಗೋಡೆಗೆ ಮುಖ ಮಾಡಿ ಚೀಟಿ ಅಂಟಿಸುತ್ತಿದ್ದಳು. ಯಜಮಾನಿ ಮೇಲ್ವಿಚಾರಕನನ್ನು ಕರೆದು ಯಾಕೆ ಇಲ್ಲಿ ಕೂರಿಸಿದೆ ಎಂದಳು. "ಪಾಪ ಅಂತ, ಅಮ್ಮಾ" ಅಂದ. "ಅವಳನ್ನ ಕೇಳಿದ್ಯಾ?" ಅವನು ತಲೆ ಕೆರೆದುಕೊಂಡ. ಕೆಟ್ಟವನಲ್ಲ. ನಮ್ಮ ಪೋಸ್ಟರನ್ನು ನಂಬಿದವನು ಆ ಗೋದಾಮಿನಲ್ಲಿ ಅವನೊಬ್ಬನೇ ಇರಬೇಕು.

ಆಮೇಲೆ ಯಜಮಾನಿ ನನ್ನನ್ನು ತನ್ನ ಕೋಣೆಗೆ ಕರೆದುಕೊಂಡು ಹೋದಳು. ಬೈಗುಳ ಶುರುವಾಗುತ್ತದೆಂದು ಕಾದೆ. ಅವಳು ಕಿಟಕಿಯಾಚೆ ಲಾರಿ ಹಿಂದಕ್ಕೆ ಬರುವುದನ್ನು ನೋಡುತ್ತ ಹೇಳಿದಳು:

"ನಮ್ಮ ಯಜಮಾನ್ರು ಹೋದಾಗ ವರ್ಷಾನುಗಟ್ಟಲೆ ಎಲ್ರೂ ನನ್ನ ಹತ್ರ ಪಿಸುಮಾತಲ್ಲೇ ಮಾತಾಡೋರು. ಒಬ್ಬ ಡ್ರೈವರ್ ಮಾತ್ರ ಡೀಸೆಲ್ ವಿಷಯಕ್ಕೆ ಗಂಟಲು ಹರಿಯೋ ಹಾಗೆ ಕೂಗಾಡಿದ. ಅವತ್ತು ನಾನೂ ಕೂಗಿದೆ ನೋಡು, ಆಮೇಲೆ ಹೊಟ್ಟೆ ತುಂಬ ಉಂಡೆ. ಅವನಿಗೆ ಈಗ ಕಣ್ಣು ಕಾಣಲ್ಲ, ಗಾಡಿ ಓಡಿಸಲ್ಲ. ಕೆಲಸದಿಂದ ತೆಗೆದಿಲ್ಲ ನಾನು."

ಆಮೇಲೆ ಇದ್ದಕ್ಕಿದ್ದಂತೆ ಕೇಳಿದಳು: "ನಿನ್ನ ಜೊತೆ ಯಾರಮ್ಮಾ ಜಗಳ ಆಡೋದು?"

ನಾನು ನಕ್ಕೆ. ಕಚೇರಿಯಲ್ಲಿ ಬೇಕಾದಷ್ಟು ಜನ ಇದ್ದಾರೆ ಎಂದೆ. ಅವಳು ನಂಬಲಿಲ್ಲ, ಆದರೆ ಕೆದಕಲೂ ಇಲ್ಲ.

ಶುಕ್ರವಾರ ಸಭೆ ನಡೆಯಿತು. ವೇದಿಕೆಯ ಹಿಂದೆ ಪೋಸ್ಟರಿಗೆಂದು ಬಿಟ್ಟ ಜಾಗ ಬರಿದಾಗಿತ್ತು. ಯಜಮಾನಿ ಎದ್ದು ನಿಂತು, ನಾನು ಬರೆದುಕೊಟ್ಟದ್ದನ್ನು ಓದದೆ ತನ್ನ ಮಾತಲ್ಲೇ ಹೇಳಿದಳು. ನಮ್ಮಲ್ಲಿ ಇನ್ನು ಮೇಲೆ ಮನಸ್ಸಿಗೆ ಹುಷಾರಿಲ್ಲ ಅಂದ್ರೆ ರಜೆ ಇದೆ, ಯಾಕೆ ಏನು ಅಂತ ಊರಿಗೆಲ್ಲ ಡಂಗುರ ಹೊಡೆಯಲ್ಲ. ವಾಪಸ್ ಬಂದವರನ್ನ ಕೇಳದೆ ಬೇರೆ ಕೆಲಸಕ್ಕೆ ಹಾಕಲ್ಲ. ಡ್ಯೂಟಿ ಮುಗಿದ ಮೇಲೆ ಯಾರಾದ್ರೂ ಫೋನ್ ಮಾಡಿದ್ರೆ ನನಗೆ ಹೇಳಿ, ಅವರಿಗೆ ನಾನು ಫೋನ್ ಮಾಡ್ತೀನಿ, ಎಂದಳು. ಅಲ್ಲಲ್ಲಿ ನಗು ಎದ್ದಿತು. ಆಮೇಲೆ ಎಲ್ಲರೂ ತಿಂಡಿಯ ಮೇಜಿನ ಕಡೆ ನಡೆದರು. ಕೊನೆಗೆ ನಮ್ಮ ಜೊತೆ ಕೈಜೋಡಿಸಿದವರು ಒಬ್ಬ ಬಟ್ಟೆ ಒಗೆಯುವ ಕಾರ್ಖಾನೆಯವರು, ಒಬ್ಬ ಪ್ರಿಂಟಿಂಗ್ ಪ್ರೆಸ್ಸಿನವರು, ಮತ್ತೆ ಬೇರೆ ಯಾವುದೋ ಸಭೆಗೆಂದು ಬಂದು ತಪ್ಪಿ ನಮ್ಮ ಹಾಲಿನಲ್ಲಿ ಕೂತಿದ್ದ ಟೈರ್ ವ್ಯಾಪಾರಿ. ಬೋರ್ಡಿನ ಮೇಲಿನ ಅಂಕಿಯನ್ನು ನಿರ್ದೇಶಕರು ಸದ್ದಿಲ್ಲದೆ ಒರೆಸಿದರು.

ಅವರು ನನ್ನ ಮೇಲೆ ರೇಗಲಿಲ್ಲ. ಯಾರೂ ರೇಗಲಿಲ್ಲ. ಸೋಮವಾರ ಹೋದಾಗ ನನ್ನ ಮೇಜು ಕಿಟಕಿ ಪಕ್ಕಕ್ಕೆ ಹೋಗಿತ್ತು, ಗಾಳಿ ಚೆನ್ನಾಗಿ ಬರುತ್ತೆ ಅಂತ. ಕಂಪನಿಗಳಿಗೆ ಹೋಗುವ ಕೆಲಸ ಹೊಸದಾಗಿ ಸೇರಿದ ಹುಡುಗಿಗೆ ಹೋಗಿತ್ತು, ನಿಮಗೂ ಸ್ವಲ್ಪ ವಿರಾಮ ಬೇಕಲ್ಲ ಅಂತ. ಪೋಸ್ಟರಿನವರು ನನ್ನ ಸಾಲುಗಳನ್ನು ಈಗ ತಿದ್ದುವುದಿಲ್ಲ. ಮೊದಲಾದರೆ ಒಂದು ಅಲ್ಪವಿರಾಮಕ್ಕೆ ಗಂಟೆಗಟ್ಟಲೆ ಕಚ್ಚಾಡುತ್ತಿದ್ದೆವು. ಈಗ "ಚೆನ್ನಾಗಿದೆ ಮೇಡಂ" ಎಂದು ತೆಗೆದುಕೊಂಡು ಹೋಗುತ್ತಾರೆ, ನಾನು ಬರೆದದ್ದನ್ನು ಬಳಸುವುದಿಲ್ಲ. ಊಟದ ಹೊತ್ತಿಗೆ ನಾನು ಡಬ್ಬಿ ತೆರೆಯುವ ಮೊದಲೇ ಅವರೆಲ್ಲ ತಿಂದು ಮುಗಿಸಿರುತ್ತಾರೆ. ಮನಸ್ಸಿನ ಆರೋಗ್ಯದ ಕಚೇರಿಯಲ್ಲವೇ, ಮನಸ್ಸು ನೋಯಿಸುವ ಹಾಗೆ ಯಾರೂ ನಡೆದುಕೊಳ್ಳುವುದಿಲ್ಲ.

ಮೊನ್ನೆ ಬಸ್ಸಿನಲ್ಲಿ ಬರುತ್ತಿರುವಾಗ ಪಟಾಕಿಯ ಫೋನ್ ಬಂತು. ಹಿಂದೆ ಬೆಲ್ಟಿನ ಗಡಗಡ ಸದ್ದು, ಅದರ ಮೇಲೆ ಇವಳ ಕೂಗು. "ಅಕ್ಕಾ! ಆ ಕೋಲುಮುಖದವಳು ನನ್ನ ಸ್ಕ್ಯಾನರ್ ಕದ್ಲು! ಕೇಳಿದ್ರೆ ನಿನ್ನ ಹೆಸರು ಬರೆದಿದ್ಯಾ ಅಂದ್ಲು! ನಾನು ಬಿಡ್ತೀನಾ? ಇಬ್ರಿಗೂ ಮೇಲ್ವಿಚಾರಕಣ್ಣ ಬೈದು ಹೊರಗೆ ನಿಲ್ಲಿಸಿದಾನೆ. ಈಗ ಇಲ್ಲೇ ಪಕ್ಕದಲ್ಲೇ ನಿಂತಿದಾಳೆ, ಮುಖ ಸೊಟ್ಟ ಮಾಡ್ಕೊಂಡು." ಆಚೆಯಿಂದ ಇನ್ನೊಂದು ದನಿ "ನಿನ್ನದು ನೋಡ್ಕೋ ಕನ್ನಡೀಲಿ" ಅಂದದ್ದು ನನಗೂ ಕೇಳಿತು. ಇಬ್ಬರೂ ನಕ್ಕರು. ಫೋನ್ ಕಡಿಯಿತು.

ಬಸ್ಸು ತುಂಬಿತ್ತು. ಇದನ್ನು ಯಾರಿಗಾದರೂ ಹೇಳಬೇಕೆನ್ನಿಸಿ ಅಕ್ಕಪಕ್ಕ ನೋಡಿದೆ. ಪಕ್ಕದ ಹೆಂಗಸು ನಿದ್ದೆ ಹೋಗಿದ್ದಳು. ಆಗ ನೀವು ನೆನಪಾದಿರಿ. ಎಲ್ಲ ಕೇಳಿದ ಮೇಲೂ ನೀವು ನಿರ್ದೇಶಕರ ಪಕ್ಷವನ್ನೇ ಹಿಡಿಯುತ್ತಿದ್ದಿರಿ, ನನಗೆ ಖಂಡಿತ ಗೊತ್ತು. ಸಾವಿರ ದೊಡ್ಡದೋ ಒಂದು ದೊಡ್ಡದೋ ಎಂದು ಗಣಿತ ಶುರುಮಾಡುತ್ತಿದ್ದಿರಿ. ನಾನು ಪಾತ್ರೆ ಕುಕ್ಕುತ್ತಿದ್ದೆ. ನಾವು ಒಟ್ಟಿಗಿದ್ದ ಕೊನೆಯ ವರ್ಷ ನೀವು ಗಣಿತ ಬಿಟ್ಟು "ನಿನಗೆ ಹೇಗೆ ಸರಿಯೋ ಹಾಗೆ" ಅನ್ನತೊಡಗಿದಿರಿ. ನಾನೂ ಅದೇ ಕಲಿತೆ. ಆ ಮನೆಯಲ್ಲಿ ಆಮೇಲೆ ಪಾತ್ರೆ ಸದ್ದಾಗಲಿಲ್ಲ.

ಬಟ್ಟೆ ಒಣಗಿಸುವುದಿದೆ, ಬಿಸಿಲು ಇಳಿಯುತ್ತಿದೆ. ನಿಮ್ಮ ಮಂಡಿನೋವು ಹೇಗಿದೆ? ಉತ್ತರ ಬರೆಯಲೇಬೇಕೆಂದಿಲ್ಲ. ಬರೆದರೆ ದಯವಿಟ್ಟು ನನ್ನ ಮಾತಿಗೆ ಹೂಂಗುಟ್ಟಬೇಡಿ.

ಇಂತಿ,
ನಿಮ್ಮ
ವಕೀಲಮ್ಮ

ತಾ.ಕ.: ಒಂದು ವಿಷಯ ಬಿಟ್ಟೆ. ನಮ್ಮ ಸಂಸ್ಥೆ ಒಂದು ಫೋನ್ ಸಂಖ್ಯೆ ನಡೆಸುತ್ತದೆ, ಮನಸ್ಸು ಭಾರವಾದ ಯುವಜನರು ಕರೆ ಮಾಡಿ ಮಾತಾಡಲಿ ಅಂತ. ಹೋದ ವಾರ ನಾನು ಅದಕ್ಕೆ ಕರೆ ಮಾಡಿದೆ. ಎತ್ತಿದ್ದು ತೀರ ಎಳೆಯ ದನಿ. "ನೀವು ಕರೆ ಮಾಡಿದ್ದು ಒಳ್ಳೆಯದಾಯಿತು, ನಿಧಾನವಾಗಿ ಹೇಳಿ" ಎಂದಳು. ಆ ಸಾಲು ನಾನೇ ಬರೆದುಕೊಟ್ಟದ್ದು. ಆದರೂ ಕೇಳಿದಾಗ ಅಳು ಬಂತು. ವಯಸ್ಸು ಕೇಳಿದಳು. ಇಪ್ಪತ್ತೆರಡು ಎಂದೆ, ಇಲ್ಲದಿದ್ದರೆ ಫೋನ್ ಇಟ್ಟುಬಿಡುತ್ತಾಳೇನೋ ಎಂಬ ಹೆದರಿಕೆ. ಪಟಾಕಿಯ ವಿಷಯ, ಕಚೇರಿಯ ವಿಷಯ ಹೇಳಬೇಕೆಂದು ಹೊರಟವಳು ಉದ್ದಕ್ಕೂ ನಿಮ್ಮ ಬಗ್ಗೆಯೇ ಹೇಳಿದೆ. ಎಲ್ಲ ಕೇಳಿ ಅವಳು, ಇದನ್ನೆಲ್ಲ ಅವರಿಗೇ ಯಾವತ್ತಾದರೂ ಹೇಳಿದ್ದೀರಾ ಎಂದಳು. ಇಲ್ಲ ಎಂದೆ. "ಮತ್ತೆ ನನಗ್ಯಾಕೆ ಹೇಳ್ತಿದೀರಿ, ಅಮ್ಮಾ?" ಅಂದಳು. ಅದನ್ನು ನಾನು ಬರೆದುಕೊಟ್ಟಿರಲಿಲ್ಲ.