ಸೇಠರ ದೋಣಿಗೆ ನಾಲ್ಕು ಜನ

ಶಿರಾ
೧೨ ಜೂನ್ ೧೯೬೧

ಫಕ್ರುದ್ದೀನ್ ಭಾಯ್‌ಗೆ, ರಶೀದನ ಸಲಾಂ.

ನಿನ್ನ ಕಾಗದ ಬಂದು ಎಂಟು ದಿನವಾಯಿತು. ನಾವಿಬ್ಬರೂ ಯಾವಾಗಲೂ ಉರ್ದುವಿನಲ್ಲಿ ಬರೆದುಕೊಳ್ಳುವವರು. ಈ ಸಲ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಂಚೆಗೆ ಹಾಕುವ ಮೊದಲು ಇದನ್ನು ನಿಡುಗಲ್ಲಿಗೆ ತೆಗೆದುಕೊಂಡು ಹೋಗಿ, ನಮ್ಮ ಜೊತೆ ದೋಣಿಯಲ್ಲಿದ್ದ, ಉರ್ದು ಬಾರದ ಕದಿರಯ್ಯನಿಗೆ ಓದಿ ಹೇಳಬೇಕಾಗಿದೆ. ಅವನ ಬೆನ್ನ ಹಿಂದೆ ನಾವಿಬ್ಬರೂ ಮಾತಾಡಿದ್ದು ಸಾಕು.

ಸೇಠರು ಹೊಸ ವಿಹಾರದ ದೋಣಿ ಕೊಂಡಿದ್ದಾರೆ, ಮೊದಲಿನದಕ್ಕಿಂತ ದೊಡ್ಡದು, ಊರ ಕಡೆಯಿಂದ ನಾಲ್ಕು ಜನರನ್ನು ನೋಡಿ ಕಳಿಸು ಅಂತ ಬರೆದಿದ್ದೀಯ. ಅದರ ಕೆಳಗೆ ಇನ್ನೊಂದು ಸಾಲು ಇದೆ: ‘ಮಾತು ಕಡಿಮೆ ಇರುವವರಾಗಿರಲಿ.’ ಅದನ್ನು ಓದಿ ಕುಡಿಯುತ್ತಿದ್ದ ಚಹಾ ಅಲ್ಲೇ ಬಿಟ್ಟು ಎದ್ದೆ. ಏನಾಯಿತೆಂದು ನಿನ್ನ ತಂಗಿ ಕೇಳಿದಳು. ಮದುವೆಯಾಗಿ ಒಂಬತ್ತು ವರ್ಷವಾದರೂ, ಈ ಮೂರು ವರ್ಷದಿಂದ ಅವಳಿಗೆ ಹೇಳದೆ ಇಟ್ಟುಕೊಂಡಿದ್ದನ್ನು ಅವತ್ತು ಹೇಳಿದೆ. ಎಲ್ಲ ಕೇಳಿ ರಹೀಮುನ್ನೀಸಾ ಅಳಲಿಲ್ಲ. ಗೋಡೆಯ ಮೇಲಿದ್ದ ನಿನ್ನ ಫೋಟೋ ಇಳಿಸಿ ಪೆಟ್ಟಿಗೆಯಲ್ಲಿಟ್ಟಳು.

ಶಿರಾದಲ್ಲಿ ಗಾಡಿಗಳಿಗೆ ಗೋಣಿತಟ್ಟಿನ ಹೊದಿಕೆ ಹೊಲಿದುಕೊಂಡಿದ್ದ ನನ್ನನ್ನು ಬೊಂಬಾಯಿಗೆ ಕರೆದುಕೊಂಡು ಹೋದವನು ನೀನು. ‘ಹಾಯಿ ಹೊಲಿಯೋದೂ ಅದೇ ಸೂಜಿ ಕಣೋ, ಗಾಳಿ ಮಾತ್ರ ಬೇರೆ’ ಅಂದಿದ್ದೆ ನೀನು. ನಾನು ನಿನ್ನನ್ನು ಎಷ್ಟು ಮೆಚ್ಚಿಕೊಂಡಿದ್ದೆ ಅಂದರೆ, ಆಳುಗಳ ಮೇಸ್ತ್ರಿಯಾಗಿ ಬಿಳಿ ಅಂಗಿ ತೊಟ್ಟು ದೋಣಿಯ ಮುಂದೆ ನಿಂತಿದ್ದ ನಿನ್ನನ್ನು ನೋಡಿ ನಮ್ಮ ಬೀದಿಯವನೊಬ್ಬ ಇಷ್ಟು ಮೇಲೆ ಬಂದನಲ್ಲ ಅಂತ ಕಣ್ಣು ತುಂಬಿ ಬಂದಿತ್ತು.

ಆಮೇಲೆ ಕೆಳಗಿಳಿದು ನಾವು ಆರು ಜನ ಮಲಗುವ ಜಾಗ ನೋಡಿದೆ. ನೆಟ್ಟಗೆ ಕೂತರೆ ತಲೆಗೆ ಹಲಗೆ ಬಡಿಯುತ್ತಿತ್ತು. ಕಿಟಕಿ ಇಲ್ಲ. ಒದ್ದೆ ಹಗ್ಗ, ಸೀಮೆಎಣ್ಣೆ, ನಮ್ಮದೇ ಬೆವರು. ಮೇಲೆ ಅತಿಥಿಗಳಿಗೆ ಎರಡು ಕಕ್ಕಸು ಇದ್ದವು, ನಾವು ಕತ್ತಲಾಗುವವರೆಗೆ ತಡೆದುಕೊಳ್ಳಬೇಕು. ಅವರ ತಟ್ಟೆಯಲ್ಲಿ ಉಳಿದದ್ದನ್ನು ನೀನೇ ಒಂದು ಬೋಗುಣಿಗೆ ಬಳಿದು ನಮ್ಮ ಮುಂದೆ ಇಡುತ್ತಿದ್ದೆ. ಕಚ್ಚಿಬಿಟ್ಟ ರೊಟ್ಟಿಯಲ್ಲಿ ಒಮ್ಮೆ ತುಟಿಯ ಬಣ್ಣ ಕಂಡು ನಾನು ವಾಂತಿ ಮಾಡಿಕೊಂಡೆ. ಅದನ್ನೂ ಅತಿಥಿಗಳು ಏಳುವ ಮೊದಲು ಒರೆಸು ಅಂದೆ ನೀನು. ಐವತ್ತು ದಾಟಿದ ಅಡಿಗೆಯವನನ್ನೂ ಅವರು ಇಂಗ್ಲಿಷಿನಲ್ಲಿ ‘ಬಾಯ್’, ಹುಡುಗಾ ಅಂತಲೇ ಕರೆಯುತ್ತಿದ್ದರು. ಅವರ ಕಣ್ಣಿಗೆ ಬೀಳುವ ಹಾಗೆ ಕೂರುವಂತಿರಲಿಲ್ಲ. ಈ ಕಾನೂನುಗಳಲ್ಲಿ ಅರ್ಧ ಸೇಠರದು, ಇನ್ನರ್ಧ ನಿನ್ನದು. ಅವರು ಕೇಳುವ ಮೊದಲೇ ನೀನು ನಮ್ಮನ್ನು ಬಗ್ಗಿಸಿ ಇಟ್ಟಿರುತ್ತಿದ್ದೆ.

ಐವತ್ತೆಂಟನೆಯ ಇಸವಿ, ಜನವರಿ. ಅಲಿಬಾಗಿನ ಆಚೆ ಲಂಗರು ಹಾಕುವಾಗ ಕದಿರಯ್ಯನ ಬಲಗೈ ಸರಪಳಿಗೆ ಸಿಕ್ಕಿ ಜಜ್ಜಿಹೋಯಿತು. ಇನ್ನೂ ಮಧ್ಯಾಹ್ನವಾಗಿರಲಿಲ್ಲ. ತಿರುಗಿದ್ದರೆ ಸಂಜೆಗೆ ಆಸ್ಪತ್ರೆ ಸಿಗುತ್ತಿತ್ತು. ಆದರೆ ಬೊಂಬಾಯಿಯಲ್ಲಿ ಪಾನನಿರೋಧ, ಮೇಲಿದ್ದ ಹನ್ನೆರಡು ಜನ ದೊಡ್ಡವರು ಕುಡಿದಿದ್ದರು, ಬೆಳಕಿನಲ್ಲಿ ಹೋದರೆ ಪೊಲೀಸರು ದೋಣಿ ಹತ್ತುತ್ತಾರೆಂದು ಸೇಠರಿಗೆ ಭಯ, ಆ ರಾತ್ರಿಯೇ ತಿರುಗಿದರೆ ಅತಿಥಿಗಳ ವಿಹಾರ ಅರ್ಧಕ್ಕೆ ನಿಲ್ಲುತ್ತದೆಂಬ ಚಿಂತೆ ಬೇರೆ. ನೀನು ಕೈ ಕಟ್ಟಿಕೊಂಡು ಅವರ ಮಾತು ಕೇಳಿ ನಮ್ಮ ಹತ್ತಿರ ಬಂದೆ. ‘ನಾಳೆ ರಾತ್ರಿಗಂಟ ಹೆಂಗಾನ ತಡ್ಕೋ ಅನ್ನು. ಕೆಳಗೆ ಹಾಕ್ಬುಡಿ, ಅತಿಥಿಗಳಿಗೆ ರಕ್ತ ಕಾಣಬಾರ್ದು’ ಅಂದೆ. ಹಾಯಿ ಸುತ್ತಿಡುವ ಗೂಡಿನಲ್ಲಿ ಅವನನ್ನು ಮಲಗಿಸಿ ಬಾಗಿಲು ಮುಚ್ಚಿದೆವು. ಕದಿರಯ್ಯ ಒಂದೂವರೆ ದಿನ ಹಲ್ಲು ಕಚ್ಚಿ ಸುಮ್ಮನೆ ಮಲಗಿದ್ದ. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಕೈ ಕಪ್ಪಾಗಿತ್ತು. ಮಣಿಕಟ್ಟಿನಿಂದ ತೆಗೆದರು.

ನಾಲ್ಕನೆಯ ದಿನ ನೀನು ಒಂದು ಕಾಗದ ತಂದೆ. ಕದಿರಯ್ಯ ರಜೆಯಲ್ಲಿದ್ದಾಗ ತನ್ನ ಅಜಾಗರೂಕತೆಯಿಂದ ಗಾಯ ಮಾಡಿಕೊಂಡ ಅಂತ ಅದರಲ್ಲಿತ್ತು. ಬೇರೆಯವರು ಓದಲು ಬಾರದೆ ಹೆಬ್ಬೆಟ್ಟು ಒತ್ತಿದರು. ನಾನು ಓದಿ ಸಹಿ ಹಾಕಿದೆ. ನೀನು ಹೆಂಡತಿಯ ಅಣ್ಣ ಅನ್ನುವುದು ನೆಪ. ಹೆದರಿ ಹಾಕಿದೆ. ಮುಂದಿನ ತಿಂಗಳು ಕೆಲಸ ಬಿಟ್ಟು ಬಂದೆ. ಬಿಟ್ಟು ಬಂದ ಮಾತ್ರಕ್ಕೆ ಸಹಿ ಅಳಿಸಿಹೋಗಲಿಲ್ಲ. ನಿನ್ನ ಮೇಲೆ ಎಷ್ಟು ಹೇಸಿಗೆಯಿದೆಯೋ ಅಷ್ಟೇ ನನ್ನ ಮೇಲೂ ಇದೆ.

ಈಗ ನೀನು ಕೇಳಿದ ನಾಲ್ಕು ಜನರ ವಿಚಾರ. ಸಿಕ್ಕಿದ್ದಾರೆ. ಹುಲಿಕುಂಟೆಯ ಬೋರಯ್ಯ ಅವರಲ್ಲಿ ದೊಡ್ಡವನು. ನಡೆದದ್ದನ್ನೆಲ್ಲ ನಾಲ್ವರಿಗೂ ಹೇಳಿದೆ. ಬೋರಯ್ಯ, ‘ದುಡಿಯಾಕೆ ನಾವು ಹೆದ್ರಕಿಲ್ಲ. ಮಲಗೋ ತಾವ ಉಸ್ರಾಡಾಕೆ ಕಿಟಕಿ ಐತಾ ಅಂತ ಕೇಳು’ ಅಂದ. ಕೇಳುತ್ತಿದ್ದೇನೆ. ಕಿಟಕಿ ಬೇಕು, ಕಕ್ಕಸು ಬೇಕು. ಆಳುಗಳಿಗೆಂದೇ ಬೇಯಿಸಿದ ಅನ್ನ, ವಾರಕ್ಕೊಂದು ದಿನ ನೆಲದ ಮೇಲೆ ಬಿಡುವು. ಕರೆಯುವಾಗ ಹೆಸರು ಹಿಡಿದು ಕರೆಯಬೇಕು. ಯಾರಿಗಾದರೂ ಪೆಟ್ಟಾದರೆ ಮೇಲೆ ಯಾವ ದೊರೆ ಕೂತಿದ್ದರೂ ದೋಣಿ ತಿರುಗಬೇಕು. ಸೇಠರು ಇದಕ್ಕೆ ಸಹಿ ಹಾಕಿ ಕಳಿಸಿದರೆ ನಾಲ್ವರೂ ಬರುತ್ತಾರೆ. ಇಲ್ಲವಾದರೆ ಈ ಸೀಮೆಯಿಂದ ಒಬ್ಬನೂ ಬರದ ಹಾಗೆ ಹೊಳವನಹಳ್ಳಿಯಿಂದ ಪಾವಗಡದವರೆಗೆ ಸಂತೆ ಸಂತೆಯಲ್ಲಿ ನಿಂತು ಹೇಳುತ್ತೇನೆ.

ನಿಡುಗಲ್ಲು, ೧೫ ಜೂನ್

ಭಾಯ್, ಮುಂದಿನದನ್ನು ಕದಿರಯ್ಯನ ಜಗುಲಿಯ ಮೇಲೆ ಕೂತು ಬರೆಯುತ್ತಿದ್ದೇನೆ. ನನ್ನನ್ನು ನೋಡಿ ಅವನು ಒಳಗೆ ಹೋದ. ಎಡಗೈಯಲ್ಲಿ ನೀರು ತಂದುಕೊಟ್ಟು ಎದುರಿಗೆ ಕೂತ. ಮೊದಲಿನಿಂದ ಓದಿದೆ. ಹಲ್ಲು ಕಚ್ಚಿ ಸುಮ್ಮನೆ ಮಲಗಿದ್ದ ಅನ್ನುವ ಸಾಲಿಗೆ ಬಂದಾಗ ಓದುವುದನ್ನು ತಡೆದು, ತನ್ನ ತೆಲುಗು ಬೆರೆತ ಕನ್ನಡದಲ್ಲಿ ಹೇಳಿದ.

‘ನುವ್ವು ಕೆಳಕ್ಕೆ ಬಂದು ನೋಡಿದ್ಯಾ ರಶೀದಣ್ಣ? ನಾನು ಅರಿಚಿದೆ. ಗಂಟ್ಲು ಹರಿಯಂಗೆ ಅರಿಚಿದೆ. ಮೇಲೆ ಪಾಟ ಹಾಕಿದ್ರಿ, ನಿಮಗೆ ಯಿನಪಡಲೇದು. ಅಂಗೇ ಬರಿ.’

ಹೌದು, ಮೇಲೆ ಗ್ರಾಮಫೋನಿನ ಹಾಡು ಜೋರಾಗಿತ್ತು, ಅವನ ಕೂಗು ನಮಗೆ ಕೇಳಿಸಲಿಲ್ಲ. ಅದಕ್ಕೆ ಕೀ ಕೊಡುತ್ತಿದ್ದವನು ನಾನೇ. ಬಾಗಿಲು ಮುಚ್ಚಿ ಬಂದ ಮೇಲೆ ಒಂದೂವರೆ ದಿನದಲ್ಲಿ ಒಂದು ಸಲವೂ ನಾನು ಕೆಳಗಿಳಿಯಲಿಲ್ಲ, ರಾತ್ರಿಯೂ ಮೇಲೆಯೇ ಹಗ್ಗಗಳ ಮರೆಯಲ್ಲಿ ಒರಗಿದೆ. ಅವನು ಸುಮ್ಮನಿದ್ದ ಎಂದು ಮೂರು ವರ್ಷದಿಂದ ನನಗೆ ನಾನೇ ಹೇಳಿಕೊಂಡು ಬಂದು, ಕೊನೆಗೆ ಅದನ್ನೇ ನಿಜವೆಂದು ಬರೆದಿದ್ದೆ. ಆ ಸಾಲನ್ನು ಹೊಡೆದುಹಾಕಿಲ್ಲ. ನಾವು ಎಷ್ಟು ಸಲೀಸಾಗಿ ಸುಳ್ಳು ಹೇಳುತ್ತೇವೆ ಅನ್ನುವುದನ್ನು ನೀನೂ ನೋಡು.

ನಾಳೆ ಇಬ್ಬರೂ ಮಧುಗಿರಿಗೆ ಹೋಗಿ ವಕೀಲರೊಬ್ಬರ ಮುಂದೆ ನಡೆದದ್ದನ್ನು ನಡೆದ ಹಾಗೆ ಬರೆಸುತ್ತೇವೆ. ಅವನ ಅರಚಾಟವೂ ಅದರಲ್ಲಿರುತ್ತದೆ, ನಿನ್ನ ಹೆಸರೂ, ನನ್ನ ಹೆಸರೂ. ಒಂದು ಪ್ರತಿ ಬಂದರಿನ ಕಚೇರಿಗೆ, ಒಂದು ಸೇಠರಿಗೆ. ಅದು ತಲುಪುವ ಮೊದಲೇ ನೀನಾಗಿ ಆ ಕಚೇರಿಗೆ ಹೋಗಿ ನಿಜ ಹೇಳಿದರೆ ನಿನ್ನ ತಂಗಿ ಫೋಟೋವನ್ನು ಪೆಟ್ಟಿಗೆಯಿಂದ ತೆಗೆಯಬಹುದು. ನಾನು ಮಾತು ಕೊಡಲಾರೆ.

ಅಲ್ಲಾಹನು ನಿನಗೆ ಆಯಸ್ಸು ಕೊಡಲಿ, ಅದರ ಜೊತೆಗೆ ಕಿವಿಯನ್ನೂ ಕೊಡಲಿ.

ಅಬ್ದುಲ್ ರಶೀದ್