ಟ್ರೇಲರ್ ಮೇಲೇಳದಿದ್ರೆ ಓಡೆಲ್‌ನ ಕರೀಬೇಡ

ವರ್ನಾ,

ಇದರಲ್ಲಿ ಬರೆದಿರೋದೆಲ್ಲ ನಿಜ. ನಿಮ್ಮಮ್ಮನ ಬೈಬಲ್ ಎಲ್ಲಿದೆ ಅಂತ ಗೊತ್ತಿದ್ರೆ ಮುಟ್ಟಿ ಹೇಳ್ತಿದ್ದೆ.

ನಾನು ಪಾದ್ರಿ ವ್ಯಾನಲ್ಲಿ ಕುರ್ಚಿ ತರೋಕೆ ಜಾಪ್ಲಿನ್‌ಗೆ ಹೋಗ್ತಿದೀನಿ. ಜಲ್ಲಿ ತುಂಬಿದ ಟ್ರೇಲರ್‌ನ ಪಿಕಪ್‌ಗೆ ಕಟ್ಟಿ ಚರ್ಚ್ ಮುಂದೆ ನಿಲ್ಸಿದೀನಿ, ಆದ್ರೆ ಜಲ್ಲಿ ಸುರಿಯೋಕೆ ಎತ್ತೋ ಅದರ ಪೆಟ್ಟಿಗೆ ಮೇಲೇಳ್ತಾ ಇಲ್ಲ. ಇವತ್ತು ಜಲ್ಲಿ ಸುರೀದಿದ್ರೆ ನಾಳೆ ನಮ್ಮ ಮಗಳು ಚರ್ಚ್ ಅಂಗಳದ ಕೆಸರಲ್ಲಿ ಗಮ್‌ಬೂಟ್ ಹಾಕ್ಕೊಂಡೇ ಮದುವೆ ಆಗ್ಬೇಕು.

ನಿನ್ನ ತಮ್ಮ ಓಡೆಲ್, "ಪೆಟ್ಟಿಗೆ ಎತ್ತೋ ಪಂಪ್ ಸತ್ತಿದೆ ಭಾವ, ಹೊಸದು ತರ್ತೀನಿ" ಅಂತಾನೆ. ಬಿಡಬೇಡ. ನೀನೇ ಗುಂಡಿ ಒತ್ತು. ಬರೀ ಟಿಕ್ ಟಿಕ್ ಅಂದ್ರೆ ಪಂಪ್ ಬದುಕಿದೆ, ಟ್ರೇಲರ್ ಬ್ಯಾಟರಿಗೆ ಸುಸ್ತಾಗಿದೆ. ನಿನ್ನ ಕಾರು ಪಕ್ಕಕ್ಕೆ ತಂದು ಅದರ ಬ್ಯಾಟರಿಯಿಂದ ಇದಕ್ಕೆ ಕೇಬಲ್ ಹಾಕು, ಹತ್ತು ನಿಮಿಷ ಇಂಜಿನ್ ಓಡಿಸಿ ಆಮೇಲೆ ಒತ್ತು.

ಪಂಪ್ ಎಣ್ಣೆ ನೋಡೋದಾದ್ರೆ ಪೆಟ್ಟಿಗೆ ಇಳಿಸಿರುವಾಗ್ಲೇ ನೋಡು, ಎತ್ತಿದಾಗ ಎಣ್ಣೆ ಟ್ಯಾಂಕಿಂದ ಆಚೆ ಹೋಗಿರುತ್ತೆ, ಇಳಿಸಿದಾಗ ವಾಪಸ್ ಬರುತ್ತೆ. ಹೋದ್ವರ್ಷ ಓಡೆಲ್ ಎತ್ತಿಟ್ಟು ನೋಡಿ, "ಅಯ್ಯೋ, ಖಾಲಿ!" ಅಂತ ಕಂಠಮಟ್ಟ ತುಂಬಿಸಿದ್ದ. ಇಳಿಸಿದಾಗ ಎಣ್ಣೆ ಚಿಮ್ಮಿ ಪಾದ್ರಿಗೆ ಎರಡನೇ ಸಲ ದೀಕ್ಷಾಸ್ನಾನ ಆಯ್ತು.

ಇದು ಮಾತ್ರ ತಮಾಷೆ ಅಲ್ಲ. ಕಬ್ಬಿಣದ ಆಸರೆ ಕೊಡದೆ ಎತ್ತಿದ ಪೆಟ್ಟಿಗೆ ಕೆಳಗೆ ಯಾರೂ ತಲೆ ಹಾಕಬಾರದು. ಓಡೆಲ್ "ಒಂದೇ ನಿಮಿಷ ಅಕ್ಕ" ಅಂದ್ರೆ ಮನೆಗೆ ಕಳ್ಸು, ಗ್ರೇವಿ ಒಲೆ ಮೇಲಿದೆ ಅನ್ನು. ಓಡ್ತಾನೆ.

ಬ್ಯಾಟರಿಗೆ ಯಾಕೆ ಸುಸ್ತು ಅಂತ ಕೇಳ್ತೀಯ, ಗೊತ್ತು. ಬುಧವಾರ ಪ್ರಾರ್ಥನೆಗೆ ಹೋಗಿದ್ದೆ ಅಂದಿದ್ನಲ್ಲ, ಆವತ್ತು ಅದು ನನ್ನ ದೋಣಿ ಓಡಿಸ್ತಿತ್ತು. ಫ್ರೀಜರ್‌ನಲ್ಲಿ ಬಟಾಣಿ ಕೆಳಗೆ ಒಂಬತ್ತು ಮೀನಿವೆ. ಹತ್ತನೇದು ನನ್ನ ತೋಳುದ್ದ ಇತ್ತು, ತಪ್ಪಿಸ್ಕೊಂಡ್ತು. ಅದೂ ನಿಜ.

ಡೆಲ್ಬರ್ಟ್